ಒರಗಿ ತುಳಿಯುವ ಸೈಕಲ್ ಏಕೆ ಅಪರೂಪ?

ಪ್ರಶ್ನೆ: ಬೆನ್ನು ಒರಗಿಸಿ, ಕಾಲು ಮುಂದಕ್ಕೆ ಚಾಚಿ ತುಳಿಯುವ ರಿಕಂಬೆಂಟ್ ಸೈಕಲ್ ಮಾಮೂಲಿ ಸೈಕಲ್‌ಗಿಂತ ವೇಗವೂ ಹೌದು, ಸುಖವೂ ಹೌದು ಎನ್ನುತ್ತಾರೆ. ಹಾಗಿದ್ದರೂ ರಸ್ತೆಯಲ್ಲಿ ಅದು ಕಾಣುವುದೇ ಇಲ್ಲ. ರೇಸ್‌ಗಳಲ್ಲಿ ನಿಷೇಧಿಸಿದ್ದೇ ಕಾರಣವಂತೆ, ನಿಜವೇ? ನನಗೆ ಬೆನ್ನುನೋವಿದೆ. ದಿನವೂ ಕಚೇರಿಗೆ ಹೋಗಿಬರಲು ಇದನ್ನು ಕೊಳ್ಳಬಹುದೇ?

ಉತ್ತರ: ನಿಷೇಧ ನಡೆದದ್ದು ನಿಜ. ಫ್ರಾನ್ಸಿನ ಶಾರ್ಲ್ ಮೋಶೆ ತಯಾರಿಸಿದ ಇಂಥ ಸೈಕಲ್ ಏರಿ ಫ್ರಾನ್ಸಿಸ್ ಫೋರ್ 1933ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಒಂದು ಗಂಟೆಗೆ 45.055 ಕಿಲೋಮೀಟರ್ ಓಡಿಸಿದ. 1914ರಿಂದ ಯಾರೂ ಮುರಿಯದಿದ್ದ ಒಂದು ಗಂಟೆಯ ದಾಖಲೆ ಅಂದು ಮುರಿಯಿತು. ಮುರಿದವನೋ ಎರಡನೇ ದರ್ಜೆಯ ಸವಾರ. ಮರುವರ್ಷವೇ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ರೇಸ್ ಸೈಕಲ್ ಹೇಗಿರಬೇಕೆಂದು ನಿಯಮ ಬಿಗಿಮಾಡಿ ಇದನ್ನು ಹೊರಗಿಟ್ಟಿತು. ಈ ಸೈಕಲ್‌ನ ಅಭಿಮಾನಿಗಳು ತೊಂಬತ್ತು ವರ್ಷಗಳಿಂದ ಆ ಒಂದು ತೀರ್ಮಾನವನ್ನೇ ಶಪಿಸುತ್ತಾ ಬಂದಿದ್ದಾರೆ. ಆದರೆ ಮುಂದೆ ಬುಟ್ಟಿ ಕಟ್ಟಿಕೊಂಡ ಸೈಕಲ್‌ಗೂ ಸರಕು ಸಾಗಿಸುವ ಸೈಕಲ್‌ಗೂ ರೇಸಿನಲ್ಲಿ ಜಾಗವಿಲ್ಲ. ಜನ ಅವನ್ನು ಬಿಟ್ಟರೇ? ನಿಷೇಧದಿಂದ ಹಣ ಹೂಡುವವರು ಹಿಂದೆ ಸರಿದಿರಬಹುದು, ಅಷ್ಟನ್ನು ಒಪ್ಪುತ್ತೇನೆ.

ನಿಜವಾದ ಅಡ್ಡಿ ಇರುವುದು ನಿಲ್ಲಿಸಿ ಹೊರಡುವ ಕಡೆ. ನಾನು ಇದನ್ನು ಓಡಿಸಿದ್ದೇನೆ. ಸಮತಟ್ಟಾದ ತೆರೆದ ರಸ್ತೆಯಲ್ಲಿ ಇದರ ಸುಖಕ್ಕೆ ಸಾಟಿಯಿಲ್ಲ: ಮಣಿಕಟ್ಟಿಗೆ ಭಾರವಿಲ್ಲ, ಕತ್ತು ಎತ್ತಿ ಹಿಡಿಯಬೇಕಿಲ್ಲ, ಎದುರುಗಾಳಿ ಕೂಡ ಅಷ್ಟಾಗಿ ಕಾಡುವುದಿಲ್ಲ. ಆದರೆ ದಿನನಿತ್ಯದ ಸವಾರಿಯಲ್ಲಿ ಅಂಥ ರಸ್ತೆ ಎಷ್ಟು ದೂರ ಸಿಗುತ್ತದೆ? ಸಿಗ್ನಲ್ ಬಂತು, ನಿಂತಿರಿ, ಹಸಿರಾಯಿತು, ಹೊರಡಬೇಕು. ಎರಡೇ ಚಕ್ರದ ತಗ್ಗು ಸೈಕಲ್ ನಿಧಾನವಾಗಿದ್ದಾಗ ತೊನೆದಾಡುತ್ತದೆ. ಅಂಗೈ ಮೇಲೆ ಉದ್ದನೆಯ ಕೋಲನ್ನು ನಿಲ್ಲಿಸುವುದು ಸುಲಭ, ಪೆನ್ಸಿಲ್ ನಿಲ್ಲಿಸುವುದು ಕಷ್ಟ. ಭಾರ ನೆಲಕ್ಕೆ ಹತ್ತಿರವಿದ್ದಷ್ಟೂ ಬೇಗ ವಾಲುತ್ತದೆ, ಸರಿಪಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಮಾಮೂಲಿ ಸೈಕಲ್‌ನಲ್ಲಾದರೆ ಮೈಯನ್ನು ಅತ್ತಿತ್ತ ಬಾಗಿಸಿ ತೂಗಿಸಿಕೊಳ್ಳುತ್ತೀರಿ. ಇಲ್ಲಿ ಬೆನ್ನು ಆಸನಕ್ಕೆ ಅಂಟಿದೆ.

ಅದೇ ಕಾರಣಕ್ಕೆ ಏರು ಬಂದಾಗ ಎದ್ದುನಿಂತು ಪೆಡಲ್ ಮೇಲೆ ಮೈಭಾರ ಹಾಕುವಂತಿಲ್ಲ. ಹಗುರ ಗೇರ್ ಹಾಕಿ, ತೊನೆದಾಡುತ್ತಲೇ ನಿಧಾನವಾಗಿ ಹತ್ತಬೇಕು. ಗುಂಡಿ ಕಂಡರೂ ಅಷ್ಟೇ, ಸೀಟಿನಿಂದ ಎದ್ದು ಪೆಟ್ಟನ್ನು ಮೊಣಕಾಲಿಗೆ ಬಿಡುವ ಉಪಾಯ ಇಲ್ಲಿ ನಡೆಯದು.

ತಗ್ಗಿನಲ್ಲಿ ಕುಳಿತವರು ವಾಹನ ಚಾಲಕರಿಗೆ ಕಾಣುವುದಿಲ್ಲ ಎಂಬ ಭಯ ಎಲ್ಲರಿಗೂ ಮೊದಲು ಬರುತ್ತದೆ. ಬಯಲು ರಸ್ತೆಯಲ್ಲಿ ಆ ಭಯ ಅತಿಯಾಯಿತು. ವಿಚಿತ್ರ ವಾಹನವೆಂದು ಜನ ತಿರುಗಿ ತಿರುಗಿ ನೋಡುತ್ತಾರೆ! ನನ್ನನ್ನು ಕಾಡಿದ್ದು ಬೇರೆಯದು. ನಿಂತ ಕಾರುಗಳ ಮರೆಯಿಂದ ಅಡ್ಡರಸ್ತೆಗೆ ಬರುವಾಗ ಮೊದಲು ಹೊರಗೆ ಹೋಗುವುದು ನಿಮ್ಮ ಪಾದ, ಆಮೇಲೆ ಕಣ್ಣು. ಹಿಂದೆ ನೋಡಲು ಭುಜ ತಿರುಗಿಸುವುದೂ ಕಷ್ಟ, ಕನ್ನಡಿ ಬೇಕೇ ಬೇಕು.

ಇನ್ನು ಬೆಲೆ. ಮಾರಾಟ ಕಡಿಮೆ, ಆದ್ದರಿಂದ ಬೆಲೆ ಹೆಚ್ಚು; ಬೆಲೆ ಹೆಚ್ಚು, ಆದ್ದರಿಂದ ಮಾರಾಟ ಕಡಿಮೆ. ಮಾಮೂಲಿ ಸೈಕಲ್‌ನ ಎರಡು ಪಟ್ಟಿಗೂ ಮೀರಿದ ಚೈನ್ ಇದರಲ್ಲಿ ಇರುತ್ತದೆ, ಅದನ್ನು ತಿರುಗಿಸಿ ಕಳುಹಿಸಲು ರಾಟೆಗಳು ಬೇರೆ.

ನಿಮ್ಮ ಬೆನ್ನಿನ ವಿಷಯ: ನೋವಿನ ಮೂಲ ಏನೆಂದು ವೈದ್ಯರಿಂದ ತಿಳಿದುಕೊಳ್ಳದೆ ಸೈಕಲ್ ಬದಲಿಸಬೇಡಿ. ಎಷ್ಟೋ ಸಲ ಹ್ಯಾಂಡಲ್ ಸ್ವಲ್ಪ ಎತ್ತರಿಸಿದರೆ, ಸೀಟನ್ನು ಸರಿಯಾದ ಎತ್ತರಕ್ಕೆ ತಂದರೆ ಸಾಕಾಗುತ್ತದೆ. ಅದರಿಂದಲೂ ಆಗದಿದ್ದರೆ, ನಿಮ್ಮ ದಾರಿ ಹೆಚ್ಚು ಏರಿಲ್ಲದ್ದಾಗಿದ್ದರೆ, ಮೂರು ಚಕ್ರದ ರಿಕಂಬೆಂಟ್ ನೋಡಿ. ಸಿಗ್ನಲ್‌ನಲ್ಲಿ ಕಾಲೂರುವ ಗೋಜಿಲ್ಲ, ಏರಿನಲ್ಲಿ ಎಷ್ಟು ನಿಧಾನವಾದರೂ ಬೀಳುವುದಿಲ್ಲ. ಕೊಳ್ಳುವ ಮೊದಲು ನೀವು ಸೈಕಲ್ ಇಡುವ ಜಾಗದ ಬಾಗಿಲನ್ನು ಅಳೆದುಕೊಳ್ಳಿ. ಬಹಳಷ್ಟು ಮೂರು ಚಕ್ರದವು ಸುಮಾರು 80 ಸೆಂಟಿಮೀಟರ್ ಅಗಲ ಇರುತ್ತವೆ, ಅವನ್ನು ಎತ್ತಿ ಮೆಟ್ಟಿಲು ಹತ್ತಿಸುವುದು ಬೆನ್ನುನೋವಿನವರ ಕೆಲಸವಲ್ಲ.