ಕುಕ್ಕರುಗಾಲಲ್ಲಿ ಕೂತು ಪಾದ ಸೋತರೆ ಅದು ಲಕ್ವಾನಾ?

ಎರಡು ದಿನ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತ ಮೇಲೆ ಅಮ್ಮನಿಗೆ ಬಲಪಾದ ಎತ್ತೋಕೆ ಆಗ್ತಿಲ್ಲ, ಲಕ್ವ ಹೊಡೆದಿದೆಯಾ ಅಂತ ಕೇಳಿದ್ದೀರಿ. ಮೊದಲು ಒಂದು ಮಾತು. ಬಾಯಿ ಸೊಟ್ಟಗಾಗಿದೆ, ಮಾತು ತೊದಲುತ್ತಿದೆ, ಅದೇ ಕಡೆಯ ಕೈಯೂ ಸೋತಿದೆ ಅಂದ್ರೆ ಇದನ್ನು ಓದುತ್ತಾ ಕೂರಬೇಡಿ, ಈಗಲೇ ದೊಡ್ಡಾಸ್ಪತ್ರೆಗೆ ಹೊರಡಿ. ಸೊಂಟನೋವಿನ ಜೊತೆ ಮೂತ್ರ ಕಟ್ಟಿದ್ದರೂ ಅಷ್ಟೇ.

ಅದೇನೂ ಇಲ್ಲ, ಪಾದ ಮಾತ್ರ ಅಂತಾದರೆ ನನಗೆ ಆಗಿದ್ದೇ ಇರಬಹುದು. ನಮ್ಮದು ಚಳ್ಳಕೆರೆ ಕಡೆ. ಆ ವರ್ಷ ಆಳು ಸಿಗದೆ ನಾನೇ ಮೂರು ದಿನ ಕೂತು ಶೇಂಗಾ ಬಿಡಿಸಿದೆ. ನಾಲ್ಕನೇ ದಿನ ಬೆಳಿಗ್ಗೆ ಎದ್ದು ಹೊರಟರೆ ಎಡಗಾಲಿನ ಹವಾಯಿ ಚಪ್ಪಲಿ ಎರಡೇ ಹೆಜ್ಜೆಗೆ ಕಳಚಿ ಹಿಂದೆ ಉಳಿಯಿತು. ಹಾಕಿಕೊಂಡೆ, ಮತ್ತೆ ಉಳಿಯಿತು. ಹೊಸ್ತಿಲು ದಾಟುವಾಗ ಎಡವಿದೆ. ನೋವಿಲ್ಲ, ಪಾದದ ಮೇಲೆ ಜೋಮು ಹಿಡಿದ ಹಾಗೆ, ಅಷ್ಟೇ.

ಮೊಣಕಾಲಿನ ಕೆಳಗೆ, ಹೊರಮಗ್ಗುಲಲ್ಲಿ ಗಂಟಿನಂಥ ಮೂಳೆ ಕೈಗೆ ಸಿಗುತ್ತದೆ, ಮುಟ್ಟಿ ನೋಡಿ. ಪಾದ ಎತ್ತುವ ನರ ಅದರ ಸ್ವಲ್ಪ ಕೆಳಗೆ, ಚರ್ಮದಡಿಯಲ್ಲೇ ಸುತ್ತಿಕೊಂಡು ಹೋಗುತ್ತದೆ. ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತರೆ ಅಲ್ಲೇ ಅಮುಕುತ್ತದೆ. ಮೇಲಿನ ಹೊದಿಕೆ ಮಾತ್ರ ನಜ್ಜಾಗಿದ್ದರೆ ಕೆಲವು ವಾರ, ಜಾಸ್ತಿ ಅಂದ್ರೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಒಳಗಿನ ಎಳೆಯೇ ಹಾಳಾಗಿದ್ದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಬೆಳೆದು ಬರಬೇಕು.

ನಾನು ಮಾಡಿದ ಎಡವಟ್ಟು ನೀವು ಮಾಡಬೇಡಿ. ಯಾರೋ ಹೇಳಿದರು ಅಂತ ಬಿಸಿನೀರಿನ ಶಾಖ ಕೊಟ್ಟೆ. ಜೋಮು ಹಿಡಿದ ಪಾದಕ್ಕೆ ಸುಟ್ಟಿದ್ದೇ ಗೊತ್ತಾಗಲಿಲ್ಲ, ಬೊಬ್ಬೆ ಎದ್ದಿತು. ನರ ವಾಸಿಯಾಯಿತು, ಕಲೆ ಇನ್ನೂ ಇದೆ.

ದಾವಣಗೆರೆಯಲ್ಲಿ ನರದ ಡಾಕ್ಟರಿಗೆ ತೋರಿಸಿದೆ. ಕರೆಂಟ್ ಕೊಟ್ಟು ನರ ನೋಡುವ ಪರೀಕ್ಷೆಯನ್ನು ಅವರು 3 ವಾರ ಬಿಟ್ಟು ಮಾಡಿಸಿದರು, ತೀರಾ ಮೊದಲೇ ಮಾಡಿದರೆ ಪೂರ್ತಿ ತಿಳಿಯುವುದಿಲ್ಲವಂತೆ. ಅಲ್ಲಿವರೆಗೆ ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಸ್ಪ್ಲಿಂಟ್, ಫಿಸಿಯೋಥೆರಪಿ. ಕುಕ್ಕರುಗಾಲು ಬಂದ್, ಕಾಲ ಮೇಲೆ ಕಾಲು ಹಾಕೋದೂ ಬಂದ್. ಮೈಮೇಲೆ ಸ್ಪರ್ಶ ಇಲ್ಲದ ಮಚ್ಚೆ ಇದೆಯಾ ಅಂತಲೂ ಹುಡುಕಿದರು. ಕುಷ್ಠವೂ ಇದೇ ನರಕ್ಕೆ ಬರುತ್ತದೆ, ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ.

ಏಳನೇ ವಾರ ಹೆಬ್ಬೆರಳು ಒಂಚೂರು ಮೇಲೆದ್ದಿತು. ನನ್ನ ಹೆಂಡತಿ ನಂಬದೆ ಮೂರು ಸಲ ಎತ್ತಿಸಿ ನೋಡಿದಳು.

ಅಮ್ಮನನ್ನು ಈ ವಾರವೇ ತೋರಿಸಿ. ಕರೆದುಕೊಂಡು ಹೋಗುವಾಗ ಹವಾಯಿ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಸಿ.