ಬಿದರಿ ಕುಸುರಿಯ ಫೋಟೋ ತೆಗೀಬೇಕಂದ್ರೆ ಲೆನ್ಸ್ ಕೊಳ್ಳಬೇಡ್ರಿ, ಹಿಂದಕ್ಕೆ ಸರೀರಿ

ನಿಮ್ಮ ಕಿಸೆ ಕ್ಯಾಮೆರಾ ರಿಕೋ ಜಿಆರ್ 3ಕ್ಕೆ ಯಾವ ಕ್ಲೋಸ್‌ಅಪ್ ಲೆನ್ಸ್ ಹಾಕಿದರೆ ಬಿದರಿ ಕೆಲಸ, ಅಂದರೆ ಕಪ್ಪು ಲೋಹದಲ್ಲಿ ಕೂರಿಸಿದ ಬೆಳ್ಳಿ ಕುಸುರಿ, ಫೋಟೋದಲ್ಲಿ ಚೆನ್ನಾಗಿ ಬರುತ್ತೆ, ಇಲ್ಲಾ ಅದನ್ನು ಮಾರಿ ಡಿಎಸ್‌ಎಲ್‌ಆರ್ ತಗೋಬೇಕಾ ಅಂತ ಕೇಳೀರಿ. ಯಾವ ಲೆನ್ಸೂ ಹಾಕಬೇಡ್ರಿ, ಕ್ಯಾಮೆರಾನೂ ಮಾರಬೇಡ್ರಿ. ಇದೇ ಕ್ಯಾಮೆರಾ, ಇದೇ ವಿಚಾರ ತಲೆಯಲ್ಲಿ ಇಟ್ಕೊಂಡು ನಾನು ಬೀದರಿನಲ್ಲಿ ಒಂದು ಒಳ್ಳೆ ಕೆಲಸ ಕಳಕೊಂಡೀನಿ.

ಊರ ನಡುವಿನ ಹಳೇ ಗೋಪುರ ಚೌಬಾರಾದ ಆಸುಪಾಸಿನ ಗಲ್ಲಿಯ ಉಸ್ತಾದರೊಬ್ಬರು ಹೊರಗಿನ ವ್ಯಾಪಾರಿಗೆ ತೋರಿಸಲು ತಮ್ಮ ಸಾಮಾನಿನ ಫೋಟೋ ಕೇಳಿದ್ದರು. ಸುರಾಹಿ, ಪಾನ್‌ದಾನ್, ಸಣ್ಣ ಡಬ್ಬಿಗಳು, ಎಲ್ಲದರ ಮೇಲೂ ತಾರ್‌ಕಶಿ, ಅಂದರೆ ಕೂದಲೆಳೆಯಂಥ ಬೆಳ್ಳಿ ತಂತಿಯ ಬಳ್ಳಿ. ಜಿಆರ್ 3ರ ಮ್ಯಾಕ್ರೋ, ಅಂದರೆ ತೀರಾ ಹತ್ತಿರದಿಂದ ತೆಗೆಯುವ ಮೋಡ್, 6ರಿಂದ 12 ಸೆಂ.ಮೀ.ವರೆಗೆ ಫೋಕಸ್ ಆಗುತ್ತೆ. 6 ಸೆಂ.ಮೀ. ಆಗುತ್ತೆ ಅಂದಮೇಲೆ 6ರಲ್ಲೇ ತೆಗೆಯಬೇಕು ಅಂತ ನಾನು ತಿಳಿದೆ. ಎಲ್ಲಾ ಕೆಟ್ಟದ್ದು ಅಲ್ಲೇ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವು ಹೋಗ್ತಿರೋ ದಾರಿಯೂ ಅದೇ. ಆ ಕ್ಯಾಮೆರಾದ ಲೆನ್ಸು 18.3 ಎಂ.ಎಂ., ಅಗಲ ನೋಟದ್ದು. ಅಷ್ಟು ಹತ್ತಿರ ಹೋದಾಗ ಡಬ್ಬಿಯ ಮುಂದಿನ ಹೂವು 6 ಸೆಂ.ಮೀ. ದೂರ, ಅಂಚಿನ ಹೂವು 9 ಸೆಂ.ಮೀ. ದೂರ ಇತ್ತು ಅನ್ನಿ. ಮುಂದಿನದು ಹೆಚ್ಚುಕಡಿಮೆ ಒಂದೂವರೆ ಪಟ್ಟು ದೊಡ್ಡದಾಗಿ ಬೀಳುತ್ತೆ. ಉಸ್ತಾದರು ಅಳೆದು ಅಳೆದು ಒಂದೇ ಸಮ ಕೂರಿಸಿದ ಹೂಗಳು ಫೋಟೋದಲ್ಲಿ ಉಬ್ಬಿಕೊಂಡವು. ಲೆನ್ಸಿನ ಕಿಂಡಿ ಪೂರ್ತಿ ತೆರೆದು ಎಫ್ 2.8ರಲ್ಲಿ ತೆಗೆದಿದ್ದೆ, ಹಾಗಾಗಿ ನಡುವಿನ ಒಂದು ಹೂ ಬಿಟ್ಟರೆ ಉಳಿದದ್ದೆಲ್ಲ ಮಬ್ಬು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೆಳ್ಳಿಯದು. ಉಜ್ಜಿದ ಬೆಳ್ಳಿ ಕನ್ನಡಿ ಇದ್ದಂತೆ, ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತೆ. 6 ಸೆಂ.ಮೀ.ನಲ್ಲಿ ಎದುರಿಗಿದ್ದದ್ದು ಕಪ್ಪು ಕ್ಯಾಮೆರಾ, ನನ್ನ ಕೈ, ಕೈಯ ನೆರಳು. ನಡುವಿನ ತಂತಿಗಳೆಲ್ಲ ಕಪ್ಪಾಗಿ ಹಿನ್ನೆಲೆಯ ಕಪ್ಪಿನಲ್ಲಿ ಕಲೆತುಹೋಗಿದ್ದವು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಇದ್ಯಾವುದೂ ಗೊತ್ತಾಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ನೋಡಿದ ಉಸ್ತಾದರು ಕೇಳಿದ್ದು ಒಂದೇ ಮಾತು: "ಬೆಳ್ಳಿ ಎಲ್ಲಿ ಅದ ರೀ ಇದ್ರಾಗ? ನಿಮ್ಮ ಕ್ಯಾಮೆರಾನೇ ಕಾಣ್ಸಲತ್ತದಲ್ಲ."

ಅಷ್ಟೊತ್ತಿಗೆ ಸಾಮಾನು ಪ್ಯಾಕ್ ಆಗಿ ಹೊರಟುಹೋಗಿತ್ತು, ಮತ್ತೆ ತೆಗೆಯಲು ಏನೂ ಉಳಿದಿರಲಿಲ್ಲ. ಮುಂದಿನ ಕೆಲಸ ಬೇರೆಯವರ ಪಾಲಾಯಿತು.

ಅಷ್ಟಾದರೂ ನನಗೆ ಬುದ್ಧಿ ಬಂದದ್ದು ಉಲ್ಟಾ ದಿಕ್ಕಿಗೆ. ಇನ್ನೂ ಹತ್ತಿರ ಹೋಗಬೇಕಿತ್ತು ಅಂದುಕೊಂಡು ಅಡಾಪ್ಟರ್ ತರಿಸಿ ಕ್ಲೋಸ್‌ಅಪ್ ಲೆನ್ಸ್ ಸಿಕ್ಕಿಸಿದೆ. ಲೆಕ್ಕ ಮೊದಲೇ ಹಾಕಿದ್ದರೆ ದುಡ್ಡು ಉಳಿಯುತ್ತಿತ್ತು. +5 ಪವರಿನ ಕ್ಲೋಸ್‌ಅಪ್ ಗಾಜಿನ ಫೋಕಲ್ ದೂರ 200 ಎಂ.ಎಂ. ಅದನ್ನು ದೂರಕ್ಕೆ ಫೋಕಸ್ ಮಾಡಿದ 100 ಎಂ.ಎಂ. ಲೆನ್ಸಿಗೆ ಹಾಕಿದರೆ ವಸ್ತುವಿನ ಅರ್ಧದಷ್ಟು ದೊಡ್ಡ ಬಿಂಬ ಸೆನ್ಸರಿನ ಮೇಲೆ ಬೀಳುತ್ತೆ. 18.3 ಎಂ.ಎಂ.ಗೆ ಹಾಕಿದರೆ ಬರೋದು ಹತ್ತರಲ್ಲಿ ಒಂದು ಪಾಲೂ ಇಲ್ಲ, ಕ್ಯಾಮೆರಾದ ಸ್ವಂತ ಮ್ಯಾಕ್ರೋನೇ ಅದಕ್ಕಿಂತ ಎಷ್ಟೋ ಮೇಲು. ಎರಡನ್ನೂ ಸೇರಿಸಿದರೆ ತುಸು ಹೆಚ್ಚು ಸಿಗುತ್ತೆ ನಿಜ, ಆದರೆ ಅಡಾಪ್ಟರಿನ ಅಂಚು ಸಾಮಾನಿಗೆ ತಾಗುವಷ್ಟು ಹತ್ತಿರ ಹೋಗಬೇಕು. ಬೆಳಕು ಎಲ್ಲಿಂದ ಬರಬೇಕು? ಹೊಳಪು ತಗ್ಗಿಸುವ ಫಿಲ್ಟರ್, ಪೋಲರೈಸರ್ ಬಗ್ಗೆಯೂ ಕೇಳೀರಿ. ಅದು ಗಾಜು, ನೀರಿನ ಹೊಳಪು ಕಡಿಮೆ ಮಾಡುತ್ತೆ, ಲೋಹದ ಹೊಳಪಿನ ಮೇಲೆ ಅದರ ಆಟ ನಡೆಯಲ್ಲ.

ಈಗ ನಾನು 12 ಸೆಂ.ಮೀ.ನಿಂದ ತೆಗೆದು ಕ್ರಾಪ್ ಮಾಡ್ತೀನಿ. ಫೋಟೋ 6000×4000 ಪಿಕ್ಸೆಲ್ ಇರುತ್ತೆ. ಉದ್ದ ಅಗಲ ಎರಡರಲ್ಲೂ ಅರ್ಧ ಕತ್ತರಿಸಿದರೂ 3000×2000 ಉಳಿಯುತ್ತೆ, 300 ಡಿಪಿಐನಲ್ಲಿ 10 ಇಂಚು ಅಗಲದ ಮುದ್ರಣಕ್ಕೆ ಧಾರಾಳ. 6 ಸೆಂ.ಮೀ.ನಲ್ಲಿ ಸಿಗುವ ಚೌಕಟ್ಟಿಗೂ ಈ ಕ್ರಾಪ್‌ಗೂ ದೊಡ್ಡ ಫರಕಿಲ್ಲ. ಹೂಗಳು ಹೆಚ್ಚುಕಡಿಮೆ ತಮ್ಮ ಅಳತೆಯಲ್ಲೇ ಇರ್ತವೆ, ಮುಖ್ಯವಾಗಿ ಕ್ಯಾಮೆರಾಕ್ಕೂ ಸಾಮಾನಿಗೂ ನಡುವೆ ಬೆಳಕಿಗೆ ಜಾಗ ಸಿಗುತ್ತೆ.

ಬೆಳಕು ಅಂದರೆ ಫ್ಲ್ಯಾಶ್ ಅಲ್ಲ. ಬಾಗಿಲ ಬಳಿ ನೆರಳಿನಲ್ಲಿ ಕೂತು, ಒಂದು ಬದಿಗೆ ಬಿಳಿ ಧೋತರ ಇಳಿಬಿಡ್ರಿ. ಲೆನ್ಸಿನ ಜಾಗದಿಂದ ನೋಡ್ತಾ ಡಬ್ಬಿಯನ್ನು ನಿಧಾನಕ್ಕೆ ತಿರುಗಿಸ್ರಿ. ಒಂದು ಕೋನಕ್ಕೆ ಬಂದಾಗ ಧೋತರದ ಬಿಳುಪು ಬೆಳ್ಳಿಯೊಳಗೆ ಇಳಿದು, ಕಪ್ಪಾಗಿ ಕೂತಿದ್ದ ಬಳ್ಳಿ ತುದಿಯಿಂದ ಬುಡದವರೆಗೆ ಎದ್ದು ಬರುತ್ತೆ. ತಂತಿ ಎಲ್ಲಿ ಸುತ್ತಿಗೆಯ ಪೆಟ್ಟಿಗೆ ಚೂರು ಅಗಲ ಆಗಿದೆ ಅನ್ನೋದೂ ಕಾಣುತ್ತೆ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಮೈಯನ್ನು ಕೋಟೆಯ ಮಣ್ಣು, ನವಸಾಗರ ಹಾಕಿ ಕಪ್ಪು ಮಾಡಿರ್ತಾರೆ. ಆ ಕಪ್ಪಿಗೆ ಅಷ್ಟು ಹೊಳಪಿಲ್ಲ, ಅದು ಹಾಗೇ ಉಳಿಯುತ್ತೆ. ಆದರೆ ಫ್ರೇಮಿನ ತುಂಬ ಕಪ್ಪೇ ಇರೋದರಿಂದ ಕ್ಯಾಮೆರಾ ಮೋಸಹೋಗಿ ಎಕ್ಸ್‌ಪೋಷರ್ ಏರಿಸುತ್ತೆ, ಬೆಳ್ಳಿ ಸುಟ್ಟುಹೋಗುತ್ತೆ. ಎಕ್ಸ್‌ಪೋಷರ್ −1ಕ್ಕೆ ಇಳಿಸಿ, ಕಿಂಡಿ ಕಿರಿದು ಮಾಡಿ ಎಫ್ 8ಕ್ಕೆ ಇಟ್ಟು, ಟ್ರೈಪಾಡ್ ಮೇಲೆ ಟೈಮರ್ ಹಾಕಿ ತೆಗೀರಿ. ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ ಇದೆಯಲ್ಲ, ಕಪ್ಪು ಮೈ, ಹೊಳೆಯುವ ಕುಸುರಿಯ ಈ ಜಗಳ ಅಲ್ಲೂ ಇದೆ. ಅಲ್ಲಿ ಕಲ್ಲು ತಿರುಗಿಸೋಕಾಗಲ್ಲ, ನೀವೇ ಅತ್ತಿತ್ತ ಸರೀಬೇಕು.

ಇನ್ನು ಡಿಎಸ್‌ಎಲ್‌ಆರ್. ಉಳಿಯ ಒಂದೇ ಗೆರೆ ಇಡೀ ಫ್ರೇಮ್ ತುಂಬಬೇಕು ಅಂತಿದ್ದರೆ ಡಿಎಸ್‌ಎಲ್‌ಆರ್ ಜೊತೆ 100 ಎಂ.ಎಂ. ಮ್ಯಾಕ್ರೋ ಲೆನ್ಸ್ ಬೇಕೇ ಬೇಕು. ಅದು ಒಂದು ದಿನದ ಕೆಲಸ, ಬಾಡಿಗೆಗೆ ತಂದರೆ ಸಾಕು. ಅದಕ್ಕೋಸ್ಕರ ಕಿಸೆಯಲ್ಲಿ ಹಿಡಿಯುವ ಕ್ಯಾಮೆರಾ ಮಾರೋದು ನನಗಂತೂ ಒಪ್ಪಿಗೆ ಇಲ್ಲ.