ಗಿಡದ ಬೀಜ, ಎಲೆ ಸಿಕ್ರೆ ಕೊಲೆ ಕೇಸಲ್ಲಿ ಅದನ್ನ ಎಷ್ಟು ನಂಬಬಹುದು?

ನಂಬಬಹುದು, ಆದ್ರೆ ಅದೊಂದನ್ನೇ ಹಿಡ್ಕೊಂಡು ಶಿಕ್ಷೆ ಕೊಡೋಕೆ ಸಾಲಲ್ಲ. ಗಿಡ ಹೇಳೋದು ಬಟ್ಟೆಯೋ ಗಾಡಿಯೋ ಯಾವ ಜಾಗ ಮುಟ್ಟಿರಬಹುದು ಅಂತ, ಕೊಂದೋನು ಯಾರು ಅಂತ ಅಲ್ಲ.

ಚಿತ್ರದುರ್ಗದ ಕಡೆ ಹೊಲದ ಬದುವಿನ ಮೇಲೆ ನಡೆದ್ರೆ ಪ್ಯಾಂಟಿಗೆ ಉತ್ರಾಣಿ ಬೀಜ ಅಂಟೇ ಅಂಟುತ್ತೆ, ನನ್ನ ಪ್ಯಾಂಟಲ್ಲೂ ಇರುತ್ತೆ ನಿಮ್ದ್ರಲ್ಲೂ ಇರುತ್ತೆ, ಅದ್ರಿಂದ ಏನೂ ಸಾಬೀತಾಗಲ್ಲ. ಹಂಗಾದ್ರೆ ಡಿಎನ್‌ಎ ಮಾಡಿಸಿದ್ರಾಯ್ತು ಅಂತೀರಾ? ಅಲ್ಲೇ ಇರೋದು ನೋಡ್ರಿ ವಿಷಯ. ಬೀಜದಿಂದ ತಾನಾಗೇ ಹುಟ್ಟಿದ ಕಾಡುಮರ ಸಾಮಾನ್ಯವಾಗಿ ಒಂದೊಂದೂ ಬೇರೆ ಬೇರೆ, ನಮ್ಮ ಥರಾನೇ. ಆದ್ರೆ ದಾವಣಗೆರೆ ಹೊಲಗಳಲ್ಲಿರೋ ಹೈಬ್ರಿಡ್ ಮೆಕ್ಕೆಜೋಳದಲ್ಲಿ ಒಂದೇ ತಳಿ ಹಾಕಿದ್ರೆ ನಿಮ್ಮ ಹೊಲದ ಗಿಡಕ್ಕೂ ಪಕ್ಕದೂರಿನ ಗಿಡಕ್ಕೂ ಡಿಎನ್‌ಎ ಹೆಚ್ಚುಕಮ್ಮಿ ಒಂದೇ, ಎಲೆ ಯಾವ ಹೊಲದ್ದು ಅಂತ ಯಾರು ಹೇಳ್ತಾರೆ?

ಅಮೆರಿಕದ ಅರಿಜೋನಾದಲ್ಲಿ 1992ರ ಒಂದು ಕೊಲೆ ಕೇಸಲ್ಲಿ ಆರೋಪಿ ಟ್ರಕ್ಕಲ್ಲಿ ಸಿಕ್ಕ ಪಾಲೊ ವೆರ್ಡೆ ಮರದ ಕಾಯಿಯ ಡಿಎನ್‌ಎ, ಹೆಣದ ಹತ್ರ ಇದ್ದ ಒಂದು ಮರದ್ದಕ್ಕೇ ಮ್ಯಾಚ್ ಆಯ್ತು. ಜಡ್ಜ್ ಮ್ಯಾಚ್ ಆಗಿದೆ ಅನ್ನೋದನ್ನ ಒಪ್ಕೊಂಡ್ರು, ಆಕಸ್ಮಿಕವಾಗಿ ಮ್ಯಾಚ್ ಆಗೋದು ಲಕ್ಷದಲ್ಲೊಂದು ಅನ್ನೋ ಥರದ ಲೆಕ್ಕಾನ ಮಾತ್ರ ಕೋರ್ಟಲ್ಲಿ ಹೇಳೋಕೆ ಬಿಡಲಿಲ್ಲ, ನನಗದು ಸರಿ ಅನ್ಸುತ್ತೆ.

ನಮ್ಮಲ್ಲೂ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 39ನೇ ಸೆಕ್ಷನ್ ಪ್ರಕಾರ ತಜ್ಞರು ಹೇಳೋದು ಅಭಿಪ್ರಾಯ ಅಷ್ಟೇ, ಕೋರ್ಟು ಬೇರೆ ಸಾಕ್ಷಿ ಜೊತೆ ಇಟ್ಟು ತೂಗುತ್ತೆ. ಇನ್ನು ಬೀಜನ ಹಸಿಯಾಗೇ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಟ್ರೆ ಬೂಷ್ಟು ಹಿಡಿದು ಹಾಳಾಗುತ್ತೆ, ಆಮೇಲೆ ತಜ್ಞರು ಎಷ್ಟೇ ದೊಡ್ಡೋರಾದ್ರೂ ಕಷ್ಟಾನೇ.